ಹೊಸಬರ ಮೊದಲ ಬರಹ, ಗುಂಪಿನ ಹಳೆಯ ನೆನಪು

ಆನ್‌ಲೈನ್ ಸಮುದಾಯವೊಂದಕ್ಕೆ ಒಬ್ಬರು ಹೊಸದಾಗಿ ಸೇರುತ್ತಾರೆ ಎಂದುಕೊಳ್ಳಿ. ಎರಡು ದಿನಗಳಿಂದ ಅವರ ಕಂಪ್ಯೂಟರಿನಲ್ಲಿ ಏನೋ ತೊಂದರೆ. ನಾಳೆ ಬೆಳಿಗ್ಗೆಯೊಳಗೆ ಒಂದು ಕೆಲಸ ಮುಗಿಯಲೇಬೇಕು. ಹುಡುಕುತ್ತಾ ಹುಡುಕುತ್ತಾ ಈ ಗುಂಪು ಸಿಕ್ಕಿದೆ. ಅವಸರದಲ್ಲಿ ಹೆಸರು ನೋಂದಾಯಿಸಿ, ‘ತುರ್ತು ಸಹಾಯ ಬೇಕು’ ಎಂಬ ಶೀರ್ಷಿಕೆ ಕೊಟ್ಟು, ಪರದೆಯ ಮಸುಕಾದ ಫೋಟೊ ಒಂದನ್ನು ಹಾಕಿ, ಕೆಳಗೆ ‘ಇದು ಕೆಲಸ ಮಾಡುತ್ತಿಲ್ಲ, ಏನು ಮಾಡಲಿ?’ ಎಂದು ಬರೆಯುತ್ತಾರೆ. ಹತ್ತು ನಿಮಿಷದಲ್ಲಿ ಎರಡು ಉತ್ತರ ಬರುತ್ತವೆ. ಒಂದು, ‘ನಿಯಮ ಓದಿ.’ ಇನ್ನೊಂದು, ‘ಇದನ್ನು ನೂರು ಸಲ ಕೇಳಿಯಾಗಿದೆ, ಮೊದಲು ಹುಡುಕಿ.’ ಅಷ್ಟರಲ್ಲಿ ನಿರ್ವಾಹಕರೊಬ್ಬರು ಬಂದು ಆ ಬರಹಕ್ಕೆ ಬೀಗ ಹಾಕುತ್ತಾರೆ. ಹೊಸಬರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಇಲ್ಲಿ ಕೆಟ್ಟವರು ಯಾರೂ ಇಲ್ಲ. ಉತ್ತರ ಕೊಟ್ಟವರು ಬಿಡುವಿನ ವೇಳೆಯಲ್ಲಿ, ಕಾಸಿನ ಆಸೆಯಿಲ್ಲದೆ, ಅಪರಿಚಿತರಿಗೆ ನೆರವಾಗುವ ಜನ. ಬೀಗ ಹಾಕಿದವರು ಆ ದಿನ ಅಂತಹ ಹತ್ತನೆಯ ಬರಹವನ್ನು ನೋಡುತ್ತಿದ್ದರು. ಹೊಸಬರಿಗಂತೂ ನಿಯಮ ಮುರಿಯುವ ಉದ್ದೇಶವೇ ಇರಲಿಲ್ಲ. ಆದರೂ ಎರಡೂ ಕಡೆ ನೋವಾಯಿತು.

ಇಂತಹ ಗುಂಪುಗಳಲ್ಲಿ ಹೊಸ ಸದಸ್ಯರನ್ನು ಬರಮಾಡಿಕೊಳ್ಳುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ನಾನೇ ಒಮ್ಮೆ ಆ ಹೊಸಬನ ಜಾಗದಲ್ಲಿದ್ದೆ. ಒಂದು ಸಂಜೆಯೆಲ್ಲ ಕುಳಿತು ಬರೆದದ್ದನ್ನು ಒಂದು ಮಾತೂ ಹೇಳದೆ ಅಳಿಸಿಬಿಟ್ಟಿದ್ದರು. ಆ ಹೊತ್ತಿನ ಅವಮಾನ ಇಂದಿಗೂ ನೆನಪಿದೆ. ನಾನು ಮುರಿದ ನಿಯಮ ಯಾವುದು ಎಂಬುದು ಮಾತ್ರ ನೆನಪಿಲ್ಲ, ಏಕೆಂದರೆ ಅದನ್ನು ಯಾರೂ ನನಗೆ ಹೇಳಲೇ ಇಲ್ಲ. ಬರೆಯುವ ಶಿಷ್ಟಾಚಾರವನ್ನು ಹೊಸಬರು ಹೇಗೆ ಕಲಿಯುತ್ತಾರೆ, ಏಕೆ ಕಲಿಯದೆ ಉಳಿಯುತ್ತಾರೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮುಗಿಯದ ಸೆಪ್ಟೆಂಬರ್

ಈ ಸಮಸ್ಯೆ ವೆಬ್‌ಗಿಂತಲೂ ಹಳೆಯದು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಚರ್ಚಾಜಾಲದ ಕಲ್ಪನೆ ಮಾಡಿದರು. ಮರುವರ್ಷ ಅದು ನಡೆಯತೊಡಗಿತು. ಅದರ ಬಳಕೆದಾರರಲ್ಲಿ ವಿಶ್ವವಿದ್ಯಾಲಯದವರೇ ಬಹಳ. ಅಲ್ಲಿ ಶೈಕ್ಷಣಿಕ ವರ್ಷ ಆರಂಭವಾಗುವುದು ಸೆಪ್ಟೆಂಬರ್ ಹೊತ್ತಿಗೆ. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ವಿದ್ಯಾರ್ಥಿಗಳ ಗುಂಪೊಂದು ಒಳಗೆ ಬರುತ್ತಿತ್ತು, ಸಿಕ್ಕಸಿಕ್ಕಲ್ಲಿ ಬರೆಯುತ್ತಿತ್ತು, ಹಳಬರ ತಾಳ್ಮೆ ಕೆಡಿಸುತ್ತಿತ್ತು. ಒಂದೆರಡು ತಿಂಗಳಲ್ಲಿ ಕೆಲವರು ರೀತಿನೀತಿ ಕಲಿತು ಹಳಬರೊಂದಿಗೆ ಬೆರೆಯುತ್ತಿದ್ದರು, ಉಳಿದವರು ಬೇಸತ್ತು ಹೋಗುತ್ತಿದ್ದರು. ಮತ್ತೆ ಮುಂದಿನ ಸೆಪ್ಟೆಂಬರ್‌ವರೆಗೆ ನೆಮ್ಮದಿ.

1993–94ರ ಹೊತ್ತಿಗೆ ಮನೆಗಳಿಗೆ ಆನ್‌ಲೈನ್ ಸಂಪರ್ಕ ಕೊಡುತ್ತಿದ್ದ ಅಮೆರಿಕ ಆನ್‌ಲೈನ್‌ನಂತಹ ವಾಣಿಜ್ಯ ಸಂಸ್ಥೆಗಳು ತಮ್ಮ ಗ್ರಾಹಕರಿಗೆಲ್ಲ ಯೂಸ್‌ನೆಟ್‌ನ ಬಾಗಿಲು ತೆರೆದವು. ಅಲ್ಲಿಂದ ಹೊಸಬರ ಪ್ರವಾಹ ನಿಲ್ಲಲಿಲ್ಲ. ‘1993ರ ಸೆಪ್ಟೆಂಬರ್ ಮುಗಿಯಲೇ ಇಲ್ಲ’ ಎಂದು ಹಳಬರು ಹೇಳತೊಡಗಿದರು. ಈ ಮಾತನ್ನು ಹೊಸಬರ ಮೇಲಿನ ದೂರಾಗಿ ಬಳಸುವವರೇ ಹೆಚ್ಚು. ನನಗೆ ಅದು ಬೇರೆ ರೀತಿ ಕೇಳಿಸುತ್ತದೆ. ಅಲ್ಲಿ ಕಲಿಸುವ ವ್ಯವಸ್ಥೆ ಎಂಬುದೊಂದು ಎಂದೂ ಇರಲೇ ಇಲ್ಲ. ಇದ್ದದ್ದು ಪ್ರಮಾಣದ ಅನುಕೂಲ ಮಾತ್ರ: ಹಳಬರು ಹೆಚ್ಚು, ಹೊಸಬರು ಕಡಿಮೆ, ನಡುವೆ ಹತ್ತು ತಿಂಗಳ ಬಿಡುವು. ಸುತ್ತ ಎಲ್ಲರೂ ಒಂದೇ ರೀತಿ ನಡೆದುಕೊಳ್ಳುತ್ತಿದ್ದರೆ ಹೊಸಬನಿಗೆ ಪಾಠ ಬೇಕಾಗುವುದಿಲ್ಲ, ನೋಡಿದರೆ ಸಾಕು. ಅನುಪಾತ ತಲೆಕೆಳಗಾದ ದಿನ ಹೊಸಬರು ಹೊಸಬರನ್ನೇ ನೋಡಿ ಕಲಿಯುವಂತಾಯಿತು.

1995ರ ಅಕ್ಟೋಬರಿನಲ್ಲಿ ಇಂಟರ್ನೆಟ್ಟಿನ ತಾಂತ್ರಿಕ ಸಮುದಾಯ ಶಿಷ್ಟಾಚಾರದ ಬಗ್ಗೆ ಒಂದು ದಾಖಲೆಯನ್ನೇ ಹೊರತಂದಿತು. ಆರ್‌ಎಫ್‌ಸಿ 1855 ಎಂಬುದು ಅದರ ಸಂಖ್ಯೆ. ಸ್ಯಾಲಿ ಹ್ಯಾಂಬ್ರಿಜ್ ಅದನ್ನು ಬರೆದವರು. ದೊಡ್ಡಕ್ಷರಗಳಲ್ಲೇ ಬರೆದರೆ ಕಿರುಚಿದಂತೆ ಕಾಣುತ್ತದೆ, ಸಿಟ್ಟು ಬಂದಾಗ ಒಂದು ರಾತ್ರಿ ಕಳೆದ ಮೇಲೆ ಉತ್ತರಿಸಿ ಎಂಬಂತಹ ಸಲಹೆಗಳು ಅದರಲ್ಲಿವೆ. ಅವು ಇಂದಿಗೂ ಹಳತಾಗಿಲ್ಲ. ಆದರೆ ಅದರಲ್ಲಿ ಇನ್ನೊಂದು ಸಲಹೆ ಇದೆ: ಯಾವುದೇ ಗುಂಪಿನಲ್ಲಿ ಏನನ್ನಾದರೂ ಬರೆಯುವ ಮೊದಲು ಒಂದರಿಂದ ಎರಡು ತಿಂಗಳು ಸುಮ್ಮನೆ ಓದಿ.

ಒಳ್ಳೆಯ ಸಲಹೆಯೇ. ಸುಮ್ಮನೆ ಓದುತ್ತಾ ಕೂರುವುದು ಸೋಮಾರಿತನವಲ್ಲ. ಗುಂಪಿನ ಮಾತಿನ ಧಾಟಿ ಕಿವಿಗೆ ಬೀಳುವುದೇ ಹಾಗೆ. ಆದರೆ ನಾಳೆ ಬೆಳಿಗ್ಗೆಯೊಳಗೆ ಕೆಲಸ ಮುಗಿಸಬೇಕಾದವರಿಗೆ ಎರಡು ತಿಂಗಳು ಕಾಯಿರಿ ಎನ್ನಲಾಗುತ್ತದೆಯೇ? ಇಂದು ಹೊಸಬರಲ್ಲಿ ಹೆಚ್ಚಿನವರು ಗುಂಪನ್ನು ಹುಡುಕಿ ಬರುವುದಿಲ್ಲ, ಉತ್ತರವನ್ನು ಹುಡುಕಿ ಬರುತ್ತಾರೆ. ಅವರಿಗೆ ಕಲಿಸುವ ಯಾವ ವಿಧಾನವೂ ಈ ಅವಸರವನ್ನು ಒಪ್ಪಿಕೊಂಡೇ ಆರಂಭವಾಗಬೇಕು.

ಪ್ರತಿ ನಿಯಮದ ಹಿಂದೆ ಒಂದು ಕಥೆ

ಹಳಬರ ಕಣ್ಣಿಗೆ ತಮ್ಮ ಗುಂಪಿನ ನಿಯಮಗಳು ಸಾಮಾನ್ಯ ಜ್ಞಾನದಂತೆ ಕಾಣುತ್ತವೆ. ನಿಜವಾಗಿ ಅವು ಸಾಮಾನ್ಯ ಜ್ಞಾನವಲ್ಲ, ಆ ಗುಂಪಿನ ನೆನಪು. ಯಾವುದೋ ಒಂದು ದಿನ ಯಾವುದೋ ತೊಂದರೆಯಾಯಿತು, ಎಲ್ಲರೂ ಸೇರಿ ಇನ್ನು ಮುಂದೆ ಹೀಗೆ ಮಾಡೋಣ ಎಂದುಕೊಂಡರು. ತೊಂದರೆಯ ಕಥೆ ಮರೆತುಹೋಯಿತು, ತೀರ್ಮಾನ ಒಂದು ಸಾಲಾಗಿ ಪುಟದಲ್ಲಿ ಉಳಿಯಿತು. ಹಳಬರಿಗೆ ಆ ಸಾಲಿನ ಹಿಂದಿನ ಕಥೆ ಕಾಣುತ್ತದೆ. ಹೊಸಬರಿಗೆ ಕಾಣುವುದು ಸಾಲು ಮಾತ್ರ. ಕಲಿಸುವುದೆಂದರೆ ಆ ಕಥೆಯನ್ನು ಮತ್ತೆ ಸಾಲಿಗೆ ಜೋಡಿಸಿ ಕೊಡುವುದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

‘ಸ್ಪಷ್ಟವಾದ ಶೀರ್ಷಿಕೆ ಕೊಡಿ’ ಎಂಬ ನಿಯಮವನ್ನೇ ತೆಗೆದುಕೊಳ್ಳಿ. ಬರೆಯುವವರಿಗೆ ಅದು ಶಾಲೆಯ ಉಪದೇಶದಂತೆ ಕೇಳುತ್ತದೆ. ಈಗ ಉತ್ತರಿಸುವವರ ಕಡೆಯಿಂದ ನೋಡಿ. ಅವರ ಮುಂದೆ ಐವತ್ತು ಶೀರ್ಷಿಕೆಗಳ ಪಟ್ಟಿಯಿದೆ, ಕೈಯಲ್ಲಿರುವುದು ಹದಿನೈದು ನಿಮಿಷ. ಯಾವುದು ತಮಗೆ ಗೊತ್ತಿರುವ ವಿಷಯ ಎಂದು ಶೀರ್ಷಿಕೆ ನೋಡಿಯೇ ಆರಿಸಬೇಕು. ‘ತುರ್ತು ಸಹಾಯ ಬೇಕು’ ಎಂಬುದು ಬರೆದವರ ಮನಃಸ್ಥಿತಿಯನ್ನು ಹೇಳುತ್ತದೆಯೇ ಹೊರತು ವಿಷಯವನ್ನಲ್ಲ. ‘ಹೊಸ ಆವೃತ್ತಿ ಹಾಕಿದ ಮೇಲೆ ಪ್ರಿಂಟರ್ ಕಾಣಿಸುತ್ತಿಲ್ಲ’ ಎಂದಿದ್ದರೆ ಪ್ರಿಂಟರ್ ಬಲ್ಲವರು ತಾವಾಗಿಯೇ ಬರುತ್ತಿದ್ದರು. ಮುಂದಿನ ವರ್ಷ ಇದೇ ತೊಂದರೆಗೆ ಸಿಕ್ಕಿ ಹುಡುಕುವವರಿಗೂ ಆ ಸಾಲು ಸಿಗುತ್ತಿತ್ತು. ಒಳ್ಳೆಯ ಶೀರ್ಷಿಕೆಯಿಂದ ಮೊದಲ ಲಾಭ ಬರೆದವರಿಗೇ. ಇಷ್ಟು ಹೇಳಿದರೆ ಅದನ್ನು ನಿಯಮವೆಂದು ಕರೆಯುವ ಅಗತ್ಯವೂ ಉಳಿಯುವುದಿಲ್ಲ.

ಬರಹದ ಫೋಟೊ ಹಾಕಬೇಡಿ, ಅಕ್ಷರಗಳನ್ನೇ ನಕಲಿಸಿ ಹಾಕಿ ಎಂಬುದೂ ಹಾಗೆಯೇ. ಚಿತ್ರದೊಳಗಿನ ಅಕ್ಷರಗಳನ್ನು ಹುಡುಕಲು ಬರುವುದಿಲ್ಲ, ನಕಲಿಸಿ ಪರೀಕ್ಷಿಸಲು ಬರುವುದಿಲ್ಲ. ಕಣ್ಣು ಕಾಣದ ಸದಸ್ಯರು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ ಓದುತ್ತಾರೆ. ಅಕ್ಷರವಿದ್ದರೆ ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಚಿತ್ರಕ್ಕೆ ವಿವರಣೆ ಕೊಡದಿದ್ದರೆ ಅವರಿಗೆ ಅಲ್ಲಿ ಏನೂ ಸಿಗದೆ ಹೋಗಬಹುದು. 2022ರ ಕೊನೆಯ ತಿಂಗಳುಗಳಲ್ಲಿ ಟ್ವಿಟರ್ ಒಡೆತನ ಬದಲಾದಾಗ ಬಹಳ ಜನ ಅದರಂತೆಯೇ ಕಿರುಬರಹ ಹಾಕುವ ಮ್ಯಾಸ್ಟಡಾನ್ ಎಂಬ ಜಾಲಕ್ಕೆ ಬಂದರು. ಚಿತ್ರಕ್ಕೆ ವಿವರಣೆ ಬರೆಯುವುದು, ಕೆಲವು ವಿಷಯಗಳಿಗೆ ಮೊದಲೇ ಮುನ್ನೆಚ್ಚರಿಕೆಯ ಸಾಲು ಹಾಕುವುದು ಅಲ್ಲಿ ಆಗಲೇ ಬೇರೂರಿದ್ದ ಪದ್ಧತಿ. ಬಂದವರಲ್ಲಿ ಎಷ್ಟೋ ಜನರಿಗೆ ಅದು ಹೊಸದು. ನಮ್ಮ ನಡುವೆ ಕಣ್ಣು ಕಾಣದವರೂ ಇದ್ದಾರೆ ಎಂಬ ಒಂದು ಮಾತು, ‘ವಿವರಣೆ ಕಡ್ಡಾಯ’ ಎಂಬ ಆಜ್ಞೆಗಿಂತ ಬೇಗ ಮನಸ್ಸಿಗೆ ನಾಟುತ್ತದೆ. ವಿವರಣೆ ಬರೆಯಲು ಒಪ್ಪದವರನ್ನು ನಾನು ತುಂಬಾ ಕಡಿಮೆ ನೋಡಿದ್ದೇನೆ. ಅದು ಯಾರಿಗಾಗಿ ಎಂದು ತಿಳಿಯದವರನ್ನು ಬಹಳ ನೋಡಿದ್ದೇನೆ.

‘ನೀವು ನಿಜವಾಗಿ ಏನು ಮಾಡಲು ಹೊರಟಿದ್ದೀರಿ, ಅದನ್ನೂ ಹೇಳಿ’ ಎಂದು ಹಲವು ಗುಂಪುಗಳು ಕೇಳುತ್ತವೆ. ಹೊಸಬರಿಗೆ ಇದು ಕುತೂಹಲದ ಮೂಗು ತೂರಿಸುವಿಕೆಯಂತೆ ತೋರಬಹುದು. ಒಬ್ಬರು ‘ಕಡತದಲ್ಲಿರುವ ಚಿತ್ರಗಳನ್ನೆಲ್ಲ ಕಪ್ಪು-ಬಿಳುಪು ಮಾಡುವುದು ಹೇಗೆ?’ ಎಂದು ಕೇಳುತ್ತಾರೆ. ನಾಲ್ವರು ಅರ್ಧ ದಿನ ಕುಳಿತು ದಾರಿ ಹೇಳಿಕೊಡುತ್ತಾರೆ. ಕೊನೆಗೆ ತಿಳಿಯುತ್ತದೆ: ಕಡತ ಇಮೇಲಿನಲ್ಲಿ ಹೋಗದಷ್ಟು ದೊಡ್ಡದಾಗಿತ್ತು, ಬಣ್ಣ ತೆಗೆದರೆ ಚಿಕ್ಕದಾದೀತು ಎಂದು ಅವರೇ ಊಹಿಸಿದ್ದರು. ಗಾತ್ರ ಇಳಿಸಲು ಬೇರೆ ಸುಲಭದ ದಾರಿಯೇ ಇತ್ತು. ತಂತ್ರಜ್ಞರ ಗುಂಪುಗಳಲ್ಲಿ ಇದನ್ನು ಎಕ್ಸ್–ವೈ ಸಮಸ್ಯೆ ಎನ್ನುತ್ತಾರೆ: ಬೇಕಾದದ್ದು ಎಕ್ಸ್, ಕೇಳಿದ್ದು ವೈ. ಆ ಅರ್ಧ ದಿನ ಕಳೆದುಕೊಂಡವರ ನೆನಪೇ ಈ ನಿಯಮ.

ಒಂದು ಚರ್ಚೆಯೊಳಗೆ ಇನ್ನೊಂದು ವಿಷಯ ತೂರಿಸಬೇಡಿ, ಒಂದೇ ಪ್ರಶ್ನೆಯನ್ನು ನಾಲ್ಕು ಕಡೆ ಹಾಕಬೇಡಿ, ಪರಿಹಾರ ಸಿಕ್ಕಿದರೆ ಅದೇನೆಂದು ಬಂದು ಬರೆಯಿರಿ ಎಂಬಂತಹ ನಿಯಮಗಳಿಗೂ ಇಂತಹವೇ ಕಾರಣಗಳಿವೆ, ಬಿಡಿಸಿ ಹೇಳಬೇಕಿಲ್ಲ. ಕೊನೆಯದನ್ನು ಮಾತ್ರ ನಾನು ಬೇರೆಲ್ಲಕ್ಕಿಂತ ಪ್ರೀತಿಸುತ್ತೇನೆ. ‘ಸರಿಹೋಯಿತು, ಧನ್ಯವಾದ’ ಎಂದಷ್ಟೇ ಬರೆದು ಹೋದವರ ಚರ್ಚೆಯನ್ನು, ಅದೇ ತೊಂದರೆಯಲ್ಲಿರುವಾಗ ಮಧ್ಯರಾತ್ರಿ ತೆರೆದು ಓದಿದವರಿಗೆ ಅದರ ಬೆಲೆ ಗೊತ್ತು.

ದನಿ ಕೇಳಿಸದ ಜಾಗ

ನಿಯಮಪುಟದಲ್ಲಿ ಬರೆಯಲಾಗದ ಒಂದು ಸಂಗತಿ ಇದೆ: ಧಾಟಿ. ಎದುರಾಬದುರು ಕುಳಿತಾಗ ಮುಖ, ಕಣ್ಣು, ದನಿಯ ಏರಿಳಿತ ಅರ್ಧ ಅರ್ಥವನ್ನು ಹೊತ್ತು ತರುತ್ತವೆ. ಅಕ್ಷರಗಳಲ್ಲಿ ಅದಿಲ್ಲ. 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆನ್‌ಲೈನ್ ಸೂಚನಾಫಲಕದಲ್ಲಿ ಸ್ಕಾಟ್ ಫಾಲ್‌ಮನ್ ಅವರು ವಿರಾಮಚಿಹ್ನೆಗಳನ್ನು ಜೋಡಿಸಿ, ಅಡ್ಡಲಾಗಿ ಮಲಗಿದ ನಗುಮುಖವೊಂದನ್ನು ತಮಾಷೆಯ ಗುರುತಾಗಿ ಬಳಸಬಹುದೆಂದು ಸೂಚಿಸಿದರು. ಅದರ ಹಿಂದೆಯೂ ಇದ್ದದ್ದು ಇದೇ ತೊಂದರೆ: ಅಲ್ಲಿ ತಮಾಷೆಯನ್ನು ನಿಜವೆಂದು ತಿಳಿದು ಚರ್ಚೆ ಹಳಿ ತಪ್ಪುತ್ತಿತ್ತು.

2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು ಇದನ್ನು ಪ್ರಯೋಗ ಮಾಡಿ ನೋಡಿದರು. ಕೆಲವರು ವ್ಯಂಗ್ಯದ ಮಾತುಗಳನ್ನೂ ಗಂಭೀರ ಮಾತುಗಳನ್ನೂ ಇಮೇಲಿನಲ್ಲಿ ಕಳಿಸಿದರು. ಯಾವುದು ವ್ಯಂಗ್ಯ, ಯಾವುದು ಗಂಭೀರ ಎಂದು ಓದುವವರು ನೂರಕ್ಕೆ 78 ಸಲ ಸರಿಯಾಗಿ ಗುರುತಿಸುತ್ತಾರೆ ಎಂದು ಕಳಿಸಿದವರು ನಂಬಿದ್ದರು. ಓದಿದವರು ಗುರುತಿಸಿದ್ದು ಸುಮಾರು 56 ಸಲ, ಅಂದರೆ ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದಕ್ಕಿಂತ ತುಸು ಮೇಲು. ಬರೆಯುವಾಗ ನಮ್ಮ ದನಿ ನಮ್ಮ ತಲೆಯೊಳಗೆ ಕೇಳಿಸುತ್ತಿರುತ್ತದೆ, ಓದುವವರಿಗೂ ಅದು ಕೇಳಿಸುತ್ತದೆ ಎಂದುಕೊಳ್ಳುತ್ತೇವೆ. ಹಳಬರ ‘ನಿಯಮ ಓದಿ’ ಎಂಬ ಮಾತು ಅವರ ತಲೆಯೊಳಗೆ ಬಹುಶಃ ಸೌಮ್ಯವಾಗಿಯೇ ಇತ್ತು.

ಓದಿ ಕಲಿಯುವುದಿಲ್ಲ, ನೋಡಿ ಕಲಿಯುತ್ತಾರೆ

‘ಹೇಳುವುದು ಶಾಸ್ತ್ರ, ಹಾಕುವುದು ಗಾಳ’ ಎಂಬ ಗಾದೆಯನ್ನು ಹೊಸಬರು ಬಾಯಲ್ಲಿ ಹೇಳದಿದ್ದರೂ ಕಣ್ಣಲ್ಲಿ ಅಳೆಯುತ್ತಾರೆ. ನಿಯಮಪುಟ ಏನನ್ನು ಹೇಳುತ್ತದೆ ಎಂಬುದಕ್ಕಿಂತ, ಮೇಲಿನ ಹತ್ತು ಬರಹಗಳು ಹೇಗಿವೆ ಎಂಬುದೇ ಅವರಿಗೆ ನಿಜವಾದ ನಿಯಮ. ಸಾಮಾಜಿಕ ಮನೋವಿಜ್ಞಾನಿ ರಾಬರ್ಟ್ ಚಾಲ್ಡಿನಿ ಈ ಎರಡನ್ನು ಬೇರೆಬೇರೆಯಾಗಿ ಗುರುತಿಸಿದರು: ಜನ ಏನು ಮಾಡಬೇಕೆಂಬ ರೂಢಿ, ಜನ ಏನು ಮಾಡುತ್ತಿದ್ದಾರೆಂಬ ರೂಢಿ. ಅವರ ತಂಡ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೊದಲೇ ಕಸ ಬಿದ್ದಿದ್ದ ಜಾಗದಲ್ಲಿ ಜನ ತಾವೂ ಹೆಚ್ಚು ಕಸ ಹಾಕಿದರು, ಗುಡಿಸಿದ ಜಾಗದಲ್ಲಿ ಕಡಿಮೆ ಹಾಕಿದರು.

ಅದಕ್ಕಿಂತ ಕಣ್ಣು ತೆರೆಸುವ ಪ್ರಯೋಗ ಅಮೆರಿಕದ ಅರಿಜೋನಾದಲ್ಲಿರುವ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದ್ದು. ಕಲ್ಲಾಗಿ ಮಾರ್ಪಟ್ಟ ಪುರಾತನ ಮರದ ತುಂಡುಗಳನ್ನು ಅಲ್ಲಿ ಪ್ರವಾಸಿಗರು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಗುರುತು ಮಾಡಿದ ತುಂಡುಗಳನ್ನು ದಾರಿಯಲ್ಲಿಟ್ಟು ಬೇರೆಬೇರೆ ಫಲಕಗಳನ್ನು ಹಾಕಿ ನೋಡಿದರು. ದಯವಿಟ್ಟು ತೆಗೆದುಕೊಂಡು ಹೋಗಬೇಡಿ ಎಂಬ ಫಲಕವಿದ್ದಾಗ ಕಳುವಾದದ್ದು ನೂರಕ್ಕೆ 2ಕ್ಕಿಂತ ಕಡಿಮೆ. ಹಿಂದೆ ಬಂದ ಬಹಳ ಮಂದಿ ಇವನ್ನು ಒಯ್ದು ಉದ್ಯಾನದ ರೂಪವನ್ನೇ ಬದಲಿಸಿದ್ದಾರೆ ಎಂಬ ಫಲಕವಿದ್ದಾಗ ಸುಮಾರು 8. ಎಲ್ಲರೂ ಮಾಡುತ್ತಿದ್ದಾರೆ ಎಂಬ ಸುದ್ದಿಯೇ ಕೈಗೆ ಧೈರ್ಯ ಕೊಟ್ಟಿತು. ‘ಇತ್ತೀಚೆಗೆ ಎಲ್ಲರೂ ಶೀರ್ಷಿಕೆಯಿಲ್ಲದೆ ಬರೆಯುತ್ತಿದ್ದಾರೆ, ಇದು ನಿಲ್ಲಬೇಕು’ ಎಂದು ಗೋಡೆಯ ಮೇಲೆ ಸಿಟ್ಟಿನ ಪ್ರಕಟಣೆ ಹಾಕುವ ನಿರ್ವಾಹಕರನ್ನು ನೋಡಿದಾಗಲೆಲ್ಲ ನನಗೆ ಈ ಫಲಕ ನೆನಪಾಗುತ್ತದೆ. ಅದರ ಬದಲು ಆ ವಾರದ ಚೆಂದದ ಪ್ರಶ್ನೆಯೊಂದನ್ನು ಮೇಲಕ್ಕೆ ತಂದು ನಿಲ್ಲಿಸಿದರೆ ಸಾಕು.

ಚಿಕ್ಕ ಕೆಲಸಗಳಿಂದ ಆರಂಭಿಸುವುದೂ ನೋಡಿ ಕಲಿಯುವ ದಾರಿಯೇ. ಮಾನವಶಾಸ್ತ್ರಜ್ಞೆ ಜೀನ್ ಲೇವ್ ಲೈಬೀರಿಯಾದ ದರ್ಜಿಗಳ ಬಳಿ ಕೆಲಸ ಕಲಿಯುವ ಹುಡುಗರನ್ನು ಅಧ್ಯಯನ ಮಾಡಿದರು. ಅವರು ಮೊದಲು ಗುಂಡಿ ಹಾಕುವುದು, ಅಂಚು ಮಡಿಸಿ ಹೊಲಿಯುವುದು ಮುಂತಾದ ಕೊನೆಯ ಹಂತದ ಕೆಲಸಗಳನ್ನು ಕಲಿಯುತ್ತಾರೆ. ಬಟ್ಟೆ ಕತ್ತರಿಸುವುದು ಬಹಳ ತಡವಾಗಿ. ಗುಂಡಿ ತಪ್ಪಾದರೆ ಬಿಚ್ಚಿ ಮತ್ತೆ ಹಾಕಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಗುಂಡಿ ಹಾಕುತ್ತಾ ಹಾಕುತ್ತಾ ಇಡೀ ಅಂಗಿಯ ರೂಪ ಕಣ್ಣಿಗೆ ಇಳಿದಿರುತ್ತದೆ. ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಇದನ್ನು ಒಂದು ಸಿದ್ಧಾಂತವಾಗಿಯೇ ಮುಂದಿಟ್ಟರು: ಹೊಸಬರು ಅಂಚಿನಲ್ಲಿ ನಿಂತು, ಆದರೆ ನಿಜವಾದ ಕೆಲಸದಲ್ಲೇ ಪಾಲ್ಗೊಂಡು ನಡುವಿಗೆ ಬರುತ್ತಾರೆ.

ಆನ್‌ಲೈನ್ ಗುಂಪಿಗೂ ಗುಂಡಿಗಳಿವೆ. ವಿಕಿಪೀಡಿಯದಲ್ಲಿ ಕಾಗುಣಿತದ ತಪ್ಪೊಂದನ್ನು ತಿದ್ದುವುದು, ಯಾರಿಗೂ ತೊಂದರೆಯಾಗದ ಪ್ರಯೋಗಪುಟದಲ್ಲಿ ಬರೆದು ನೋಡುವುದು ಅಂತಹವು. ಡಿಸ್ಕೋರ್ಸ್ ಎಂಬ ಚರ್ಚಾ ತಂತ್ರಾಂಶದಲ್ಲಿ ಹೊಸ ಸದಸ್ಯರು ಕನಿಷ್ಠ 5 ಚರ್ಚೆಗಳನ್ನು ತೆರೆದು, 30 ಬರಹಗಳನ್ನು ಓದಿ, 10 ನಿಮಿಷ ಓದಿನಲ್ಲಿ ಕಳೆದ ಮೇಲೆ ಮುಂದಿನ ಹಂತಕ್ಕೆ ಏರುತ್ತಾರೆ. ಸಮುದಾಯಗಳು ಈ ಅಂಕಿಗಳನ್ನು ಬದಲಿಸಿಕೊಳ್ಳಬಹುದು. 1995ರ ಎರಡು ತಿಂಗಳು ಇಲ್ಲಿ ಹತ್ತು ನಿಮಿಷಕ್ಕೆ ಇಳಿದಿದೆ. ಅಷ್ಟಾದರೂ ಓದಿಸುತ್ತದಲ್ಲ ಎಂಬುದು ನನಗೆ ಸಮಾಧಾನ.

ಬೇಕಾದ ಹೊತ್ತಿಗೆ ಒಂದು ಸಾಲು

ನೋಂದಾಯಿಸುವಾಗ ಮೂವತ್ತು ನಿಯಮಗಳ ಪಟ್ಟಿ ತೋರಿಸಿ ‘ಒಪ್ಪಿದ್ದೇನೆ’ ಎಂದು ಒತ್ತಿಸುವುದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಆ ಗಳಿಗೆಯಲ್ಲಿ ಓದುವವರ ಮನಸ್ಸು ತಮ್ಮ ತೊಂದರೆಯ ಮೇಲಿರುತ್ತದೆ. ಅದೇ ನಿಯಮದ ಒಂದು ಸಾಲು, ಅದು ಬೇಕಾಗುವ ಜಾಗದಲ್ಲಿ, ಬೇಕಾಗುವ ಹೊತ್ತಿಗೆ ಕಂಡರೆ ಪರಿಣಾಮವೇ ಬೇರೆ.

ಇದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. ವಿಷಯಕ್ಕೊಂದರಂತೆ ಚರ್ಚಾಗುಂಪುಗಳಿರುವ ರೆಡಿಟ್ ಎಂಬ ತಾಣದಲ್ಲಿ ವಿಜ್ಞಾನದ ಬಗ್ಗೆ ಚರ್ಚಿಸುವ, ಒಂದು ಕೋಟಿಗೂ ಹೆಚ್ಚು ಚಂದಾದಾರರಿದ್ದ ಸಮುದಾಯದಲ್ಲಿ ಸಂಶೋಧಕ ನೇಥನ್ ಮಥಾಯಸ್ 2016ರಲ್ಲಿ ಒಂದು ಪ್ರಯೋಗ ನಡೆಸಿದರು. 2,190 ಚರ್ಚೆಗಳಲ್ಲಿ, ಚೀಟಿ ಎತ್ತಿದಂತೆ ಆರಿಸಿದ ಕೆಲವಕ್ಕೆ ಮಾತ್ರ, ಚರ್ಚೆಯ ನೆತ್ತಿಯಲ್ಲೇ ನಿಯಮಗಳನ್ನು ಹೇಳುವ ಟಿಪ್ಪಣಿಯೊಂದನ್ನು ಅಂಟಿಸಲಾಯಿತು. ಅಂತಹ ಟಿಪ್ಪಣಿ ಇದ್ದಲ್ಲಿ ಮೊದಲ ಸಲ ಬರೆಯುವವರು ನಿಯಮ ಪಾಲಿಸುವ ಪ್ರಮಾಣ 8 ಶೇಕಡಾಂಶದಷ್ಟು ಏರಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಹೊಸಬರ ಭಾಗವಹಿಸುವಿಕೆ ಸರಾಸರಿ ಶೇ. 70ರಷ್ಟು ಹೆಚ್ಚಿತು. ನಿಯಮ ಹೇಳಿದರೆ ಜನ ಹೆದರಿ ಓಡುತ್ತಾರೆ ಎಂಬ ಭಯ ಹಲವು ನಿರ್ವಾಹಕರಿಗಿದೆ. ಇಲ್ಲಿ ಆದದ್ದು ತದ್ವಿರುದ್ಧ. ಇಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ಸ್ಪಷ್ಟವಾಗಿ ತಿಳಿದಾಗ, ಬಾಗಿಲ ಬಳಿ ಅನುಮಾನಿಸುತ್ತಾ ನಿಂತವರು ಒಳಗೆ ಬಂದರು ಎಂದು ನಾನು ಅದನ್ನು ಓದುತ್ತೇನೆ.

ತಂತ್ರಾಂಶ ಬರೆಯುವವರು 2008ರಿಂದ ಪ್ರಶ್ನೋತ್ತರ ನಡೆಸುತ್ತಿರುವ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಇನ್ನೊಂದು ದಾರಿಯನ್ನು ಪ್ರಯತ್ನಿಸಲಾಯಿತು. ಹೊಸಬರ ಪ್ರಶ್ನೆಯ ಕರಡನ್ನು ಪ್ರಕಟಿಸುವ ಮುನ್ನ ಅನುಭವಿ ಸದಸ್ಯರೊಬ್ಬರು ಅವರೊಂದಿಗೇ ಕುಳಿತಂತೆ ಓದಿ, ತಿದ್ದಲು ನೆರವಾಗುತ್ತಿದ್ದರು. ಡೆನೇ ಫೋರ್ಡ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದಂತೆ, ಹೀಗೆ ತಿದ್ದಿದ ಪ್ರಶ್ನೆಗಳಿಗೆ ಇತರ ಸದಸ್ಯರ ಮತಗಳಿಂದ ಸಿಕ್ಕ ಅಂಕ ಸರಾಸರಿ ಶೇ. 50ರಷ್ಟು ಹೆಚ್ಚಿತ್ತು. ಇದು ದುಬಾರಿ ವಿಧಾನ, ಎಲ್ಲರಿಗೂ ಒಬ್ಬೊಬ್ಬ ಗುರು ಸಿಗುವುದಿಲ್ಲ. ಆದರೆ ತಪ್ಪು ಎಲ್ಲರ ಕಣ್ಣಿಗೆ ಬೀಳುವ ಮೊದಲೇ ತಿದ್ದಿಕೊಳ್ಳಲು ಒಂದು ಮರೆ ಸಿಕ್ಕರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಅದು ತೋರಿಸಿತು. ಚಿಕ್ಕ ಗುಂಪುಗಳಲ್ಲಿ ಇದನ್ನು ಮಾಡಲು ಇಬ್ಬರು ತಾಳ್ಮೆಯ ಮನುಷ್ಯರು ಸಾಕು.

ಮೊದಲ ತಪ್ಪಿಗೆ ಮೊದಲ ಉತ್ತರ

ಇಷ್ಟೆಲ್ಲ ಮಾಡಿದರೂ ಹೊಸಬರು ತಪ್ಪುತ್ತಾರೆ. ಗುಂಪಿನ ನಿಜವಾದ ಪರೀಕ್ಷೆ ಆಗ.

ವಿಕಿಪೀಡಿಯದ ಕಥೆ ಇಲ್ಲಿ ಎಚ್ಚರಿಕೆಯ ಗಂಟೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುತ್ತತುದಿ ಮುಟ್ಟಿ ಆಮೇಲೆ ಇಳಿಯತೊಡಗಿತು. ಏಕೆ ಎಂದು ಆರನ್ ಹಾಫೇಕರ್ ಮತ್ತು ಸಂಗಡಿಗರು ಹುಡುಕಿದರು. ಬರುತ್ತಿದ್ದ ಹೊಸಬರಲ್ಲಿ ಒಳ್ಳೆಯ ಉದ್ದೇಶದವರ ಪಾಲು ಹೇಳಿಕೊಳ್ಳುವಷ್ಟು ಕಡಿಮೆಯಾಗಿರಲಿಲ್ಲ. ಬದಲಾದದ್ದು ಅವರಿಗೆ ಸಿಗುತ್ತಿದ್ದ ಸ್ವಾಗತ. ಕಿಡಿಗೇಡಿಗಳನ್ನು ತಡೆಯಲು ಕಟ್ಟಿದ ಅರೆಸ್ವಯಂಚಾಲಿತ ಸಾಧನಗಳು ಒಳ್ಳೆಯ ಉದ್ದೇಶದ ಹೊಸಬರ ತಿದ್ದುಪಡಿಗಳನ್ನೂ ಕ್ಷಣದಲ್ಲಿ ಹಿಂದಕ್ಕೆ ತಳ್ಳುತ್ತಿದ್ದವು. ಮನುಷ್ಯರ ಮಾತಿಗೆ ಮೊದಲು ಅವರಿಗೆ ಸಿದ್ಧ ಎಚ್ಚರಿಕೆಯ ಸಂದೇಶ ಸಿಗುತ್ತಿತ್ತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ. ‘ಹೊಸಬರನ್ನು ಕಚ್ಚಬೇಡಿ’ ಎಂಬ ಮಾರ್ಗಸೂಚಿ ಅದೇ ವಿಕಿಪೀಡಿಯದಲ್ಲಿ ಇದೆ; ಹೊಸಬರು ಸಂಕೋಚವಿಲ್ಲದೆ ಪ್ರಶ್ನೆ ಕೇಳಲೆಂದೇ 2012ರಲ್ಲಿ ಟೀಹೌಸ್ ಎಂಬ ಜಾಗವನ್ನೂ ತೆರೆದರು.

ಮೊದಲ ಬರಹಕ್ಕೆ ಉತ್ತರ ಸಿಗುವುದೇ ದೊಡ್ಡ ಸಂಗತಿ. 2006ರಲ್ಲಿ ಎಲಿಸಬೆತ್ ಜಾಯ್ಸ್ ಮತ್ತು ರಾಬರ್ಟ್ ಕ್ರೌಟ್ ಸುದ್ದಿಗುಂಪುಗಳನ್ನು, ಅಂದರೆ ಯೂಸ್‌ನೆಟ್ ಮಾದರಿಯ ಚರ್ಚಾಗುಂಪುಗಳನ್ನು ಪರಿಶೀಲಿಸಿದಾಗ, ಉತ್ತರ ಪಡೆದ ಹೊಸಬರು ಮತ್ತೆ ಬರೆಯುವ ಸಾಧ್ಯತೆ ಹೆಚ್ಚಿತ್ತು. ಉತ್ತರ ಸಿಹಿಯಾಗಿತ್ತೇ, ಪ್ರಶ್ನೆಗೆ ಪರಿಹಾರ ಕೊಟ್ಟಿತೇ ಎಂಬುದಕ್ಕಿಂತ ಯಾರಾದರೂ ಓಗೊಟ್ಟರೇ ಎಂಬುದೇ ಮುಖ್ಯವಾಗಿತ್ತು. ಮೌನ ಎಲ್ಲಕ್ಕಿಂತ ತಣ್ಣನೆಯದು. ಕಾರಣ ಕೊಡುವುದರ ಬಗ್ಗೆಯೂ ಅಧ್ಯಯನವಿದೆ. ಶಗುನ್ ಝಾವರ್ ಮತ್ತು ಸಂಗಡಿಗರು ರೆಡಿಟ್‌ನ ಕೋಟ್ಯಂತರ ಬರಹಗಳನ್ನು ಪರಿಶೀಲಿಸಿ 2019ರಲ್ಲಿ ಕಂಡುಕೊಂಡದ್ದು: ಏಕೆ ತೆಗೆದೆವು ಎಂದು ವಿವರಿಸಿದಲ್ಲಿ, ಅದೇ ಸದಸ್ಯರ ಮುಂದಿನ ಬರಹಗಳನ್ನು ಮತ್ತೆ ತೆಗೆಯಬೇಕಾಗುವ ಸಂದರ್ಭ ಕಡಿಮೆಯಾಯಿತು. ಬರೀ ಋಣಾತ್ಮಕ ಅಂಕ ಕೊಟ್ಟು ಸುಮ್ಮನಾಗುವುದರ ಫಲ ಬೇರೆ. 2014ರ ಅಧ್ಯಯನವೊಂದರಲ್ಲಿ, ಹಾಗೆ ಅಂಕ ಪಡೆದವರು ಸುಧಾರಿಸಲಿಲ್ಲ. ಇನ್ನೂ ಹೆಚ್ಚು ಬರೆದರು, ಇನ್ನೂ ಕಳಪೆಯಾಗಿ ಬರೆದರು, ಇತರರಿಗೂ ಋಣಾತ್ಮಕ ಅಂಕ ಕೊಡತೊಡಗಿದರು.

ಹಾಗಾದರೆ ಏನು ಬರೆಯಬೇಕು? ಆರಂಭದಲ್ಲಿ ಹೇಳಿದ ಹೊಸಬರಿಗೆ ಇಂದು ನಾನಾದರೆ ಹೀಗೆ ಬರೆಯುತ್ತೇನೆ:

‘ನಮಸ್ಕಾರ, ನಮ್ಮ ಗುಂಪಿಗೆ ಸ್ವಾಗತ. ಫೋಟೊದಲ್ಲಿರುವ ದೋಷಸಂದೇಶ ನನಗೆ ಓದಲಾಗುತ್ತಿಲ್ಲ. ಅದರ ಅಕ್ಷರಗಳನ್ನೇ ಇಲ್ಲಿ ನಕಲಿಸಿ ಹಾಕುತ್ತೀರಾ? ಯಾವ ಆವೃತ್ತಿ ಬಳಸುತ್ತಿದ್ದೀರಿ ಎಂಬುದನ್ನೂ ತಿಳಿಸಿ. ಈ ವಿಷಯ ಬಲ್ಲವರ ಕಣ್ಣಿಗೆ ಬೀಳಲಿ ಎಂದು ಶೀರ್ಷಿಕೆಯನ್ನು ಸ್ವಲ್ಪ ಬದಲಿಸಿದ್ದೇನೆ, ಸರಿಯಿಲ್ಲದಿದ್ದರೆ ನೀವೇ ತಿದ್ದಿ. ಸದ್ಯಕ್ಕೆ ಒಮ್ಮೆ ಹೀಗೆ ಮಾಡಿ ನೋಡಿ…’

ಇದರಲ್ಲಿ ಮೂರು ನಿಯಮಗಳಿವೆ, ‘ನಿಯಮ’ ಎಂಬ ಪದ ಎಲ್ಲೂ ಇಲ್ಲ. ಮೊದಲು ಬೇಕಾದದ್ದನ್ನು ಕೇಳಿದೆ, ಏಕೆ ಬೇಕೆಂದು ಹೇಳಿದೆ, ನನ್ನ ಕೈಯಲ್ಲಿದ್ದ ತಿದ್ದುಪಡಿಯನ್ನು ನಾನೇ ಮಾಡಿದೆ, ಸಹಾಯವನ್ನು ಅಲ್ಲಿಯವರೆಗೆ ತಡೆಹಿಡಿಯಲಿಲ್ಲ. ಇಷ್ಟು ಬರೆಯಲು ಹಿಡಿದದ್ದು ಎರಡು ನಿಮಿಷ. ಮತ್ತೊಂದು ಎಚ್ಚರವಿದೆ: ಒಬ್ಬರು ಹೇಳಿದ ಮೇಲೆ ಉಳಿದವರು ಅದನ್ನೇ ಹೇಳಬಾರದು. ಒಂದು ತಿದ್ದುಪಡಿ ಕಲಿಕೆ, ಅದೇ ಐದು ಬಾಯಿಗಳಿಂದ ಬಂದರೆ ಬಹಿರಂಗ ಶಿಕ್ಷೆ. ತಪ್ಪು ದೊಡ್ಡದಾಗಿದ್ದರೆ, ಯಾರದ್ದಾದರೂ ಫೋನ್ ಸಂಖ್ಯೆ ಹಾಕಿದ್ದರೆ, ಮೊದಲು ಮರೆಮಾಡಿ, ಆಮೇಲೆ ಖಾಸಗಿಯಾಗಿ ಮಾತಾಡಿ. ಬೇಕೆಂದೇ ಪೀಡಿಸಲು ಬಂದವರ ಮುಂದೆ ಈ ತಾಳ್ಮೆಯ ಅಗತ್ಯವಿಲ್ಲ. ಅವರಿಗೂ ಹೊಸಬರಿಗೂ ಇರುವ ವ್ಯತ್ಯಾಸ ಒಮ್ಮೆ ಹೇಳಿದ ಮೇಲೆ ತಾನಾಗಿ ತಿಳಿಯುತ್ತದೆ: ಹೊಸಬರು ತಿದ್ದಿಕೊಳ್ಳುತ್ತಾರೆ.

ಹಳಬರೂ ಕಲಿಯಬೇಕಾದದ್ದು

2013ರಲ್ಲಿ ಕ್ರಿಸ್ಟಿಯಾನ್ ಡಾನೆಸ್ಕು-ನಿಕುಲೆಸ್ಕು-ಮಿಜಿಲ್ ಮತ್ತು ಸಂಗಡಿಗರು, ಬಿಯರ್ ವಿಮರ್ಶೆ ಬರೆಯುವ ಎರಡು ದೊಡ್ಡ ಆನ್‌ಲೈನ್ ಸಮುದಾಯಗಳ ಭಾಷೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂದು ಪರಿಶೀಲಿಸಿದರು. ಹೊಸ ಸದಸ್ಯರು ಮೊದಮೊದಲು ಗುಂಪಿನ ಮಾತಿನ ಧಾಟಿಗೆ ವೇಗವಾಗಿ ಹೊಂದಿಕೊಳ್ಳುತ್ತಾರೆ. ಒಂದು ಹಂತದ ಮೇಲೆ ನಿಂತುಬಿಡುತ್ತಾರೆ. ಗುಂಪು ಮಾತ್ರ ನಿಲ್ಲುವುದಿಲ್ಲ. ಅದರ ಭಾಷೆ ಮುಂದೆ ಸಾಗುತ್ತದೆ, ಹಳಬರು ತಾವು ಕಲಿತ ಕಾಲದ ಮಾತಿನಲ್ಲೇ ಉಳಿದು ದೂರವಾಗುತ್ತಾರೆ. ‘ಗುಂಪು ಮೊದಲಿನಂತಿಲ್ಲ’ ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ. ಈ ಅಧ್ಯಯನ ಓದಿದ ಮೇಲೆ ಆ ಮಾತನ್ನು ಆಡುವ ಮುನ್ನ ತಡೆಯುತ್ತೇನೆ, ನಿಂತವನು ನಾನೇ ಇರಬಹುದಲ್ಲ.

ನಮ್ಮ ಗುಂಪಿನಲ್ಲಿ ಒಂದು ನಿಯಮವಿತ್ತು: ಒಂದು ಬರಹದಲ್ಲಿ ಎರಡಕ್ಕಿಂತ ಹೆಚ್ಚು ಚಿತ್ರ ಹಾಕುವಂತಿಲ್ಲ. ನಾನೇ ಎಷ್ಟೋ ಜನರಿಗೆ ಅದನ್ನು ನೆನಪಿಸಿದ್ದೇನೆ. ಒಮ್ಮೆ ಸೇರಿ ಒಂದು ವಾರವೂ ಆಗದ ಸದಸ್ಯೆಯೊಬ್ಬರು, ‘ತಪ್ಪು ತಿಳಿಯಬೇಡಿ, ಎರಡೇ ಏಕೆ?’ ಎಂದು ಕೇಳಿದರು. ಉತ್ತರ ಹೇಳಲು ಕುಳಿತೆ, ಹೊಳೆಯಲಿಲ್ಲ. ಇತರ ನಿರ್ವಾಹಕರನ್ನು ಕೇಳಿದೆ. ಎಲ್ಲರಿಗಿಂತ ಹಿರಿಯರೊಬ್ಬರು ಎರಡು ದಿನ ಯೋಚಿಸಿ, ಆಗ ಸಂಪರ್ಕ ನಿಧಾನವಾಗಿತ್ತು, ಚಿತ್ರ ಹೆಚ್ಚಾದರೆ ಪುಟ ತೆರೆಯುತ್ತಲೇ ಇರಲಿಲ್ಲ ಎಂದು ನೆನಪಿಸಿಕೊಂಡರು. ಆ ಸದಸ್ಯೆಗೆ ಹಾಗೆಯೇ ಬರೆದು ತಿಳಿಸಿದೆವು, ಅದೇ ಸಂಜೆ ಆ ಸಾಲನ್ನು ಪುಟದಿಂದ ತೆಗೆದೆವು. ಮರುದಿನ ಅವರು ಐದು ಚಿತ್ರಗಳಿರುವ ಒಂದು ಬರಹ ಹಾಕಿದರು. ಐದಕ್ಕೂ ವಿವರಣೆ ಇತ್ತು.